ಬೆಕ್ಕು ಅಂತ ಬರೆದಿದೆ, ಮಗು ಪುಚ್ಚೆ ಅಂತ ಓದಿತು

ಹೋದ ಮಳೆಗಾಲದ ಒಂದು ಸಂಜೆ. ಒಂದನೇ ಕ್ಲಾಸಿನ ಮಗಳು ಚಾಪೆ ಮೇಲೆ ಕೂತು ಪುಸ್ತಕ ಬಿಡಿಸಿದ್ದಳು. ಪುಟದ ಮೇಲ್ಗಡೆ ಬೆಕ್ಕಿನ ಚಿತ್ರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಬೆಕ್ಕು'. ಅಕ್ಷರದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು: "ಪುಚ್ಚೆ."

"ಸರಿಯಾಗಿ ನೋಡು ಮಗಾ. ಎಂತ ಬರೆದಿದೆ?"

ಚಿತ್ರ ನೋಡಿದಳು. ನನ್ನ ಮುಖ ನೋಡಿದಳು. "ಪುಚ್ಚೆಯೇ ಅಲ್ವಾ?"

ನಾನು ಗದರಿದೆ. ಅವಳು ಪುಸ್ತಕ ಮುಚ್ಚಿ ಅಜ್ಜಿಯ ಹತ್ತಿರ ಹೋಗಿ ಕೂತಳು. ರಾತ್ರಿ ಮಲಗಿದ ಮೇಲೆ ನನಗೆ ಹೊಳೆಯಿತು. ಈ ಮಗು ಹುಟ್ಟಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಆ ಪ್ರಾಣಿಯನ್ನು ಬೆಕ್ಕು ಅಂತ ಕರೆದೇ ಇಲ್ಲ. ನಮ್ಮದು ಕಾಸರಗೋಡಿನ ಬದಿಯಡ್ಕದ ಕಡೆ, ಮನೆಮಾತು ತುಳು. ತುಳುವಿನಲ್ಲಿ ಅದು ಪುಚ್ಚೆ. ಪಕ್ಕದ ಹವ್ಯಕರ ಮನೆಯಲ್ಲೂ ಪುಚ್ಚೆ. ಮಲಯಾಳ ಮಾತಾಡುವವರಲ್ಲಿ ಪೂಚ್ಚ. 'ಬೆಕ್ಕು' ಅನ್ನುವ ಶಬ್ದ ಅವಳ ಪಾಲಿಗೆ ಪುಸ್ತಕದೊಳಗೆ ಮಾತ್ರ ಇತ್ತು.

ಅವತ್ತಿನಿಂದ ಒಂದು ವಿಷಯ ನನ್ನ ತಲೆಯಲ್ಲಿ ಕೂತಿದೆ. ಕಾಸರಗೋಡಿನಲ್ಲಿ "ನಮ್ಮ ಮಗುವಿಗೆ ಓದಲು ಬರುವುದಿಲ್ಲ" ಅಂತ ಹೇಳುವ ಹೆತ್ತವರು ತುಂಬ ಜನ. ಅದರಲ್ಲಿ ಎಷ್ಟು ಮಕ್ಕಳಿಗೆ ನಿಜವಾಗಿ ಅಕ್ಷರ ಬರುವುದಿಲ್ಲ, ಎಷ್ಟು ಮಕ್ಕಳಿಗೆ ಪುಸ್ತಕದ ಕನ್ನಡವೇ ಗೊತ್ತಿಲ್ಲ? ಇವೆರಡೂ ಬೇರೆ ಬೇರೆ ತೊಂದರೆ. ಮದ್ದೂ ಬೇರೆ. ನಾವು ಎರಡಕ್ಕೂ ಒಂದೇ ಮದ್ದು ಕೊಡುತ್ತೇವೆ: "ಹತ್ತು ಸಲ ಬರಿ."

ಮಕ್ಕಳ ಓದು ಇಡೀ ದೇಶಕ್ಕೇ ಚಿಂತೆಯ ವಿಷಯ. ಪ್ರಥಮ್ ಸಂಸ್ಥೆಯ 'ಅಸರ್' ಸಮೀಕ್ಷೆಯವರು 2005ರಿಂದ ಹಳ್ಳಿಯ ಮನೆಮನೆಗೆ ಹೋಗಿ, ಮಗುವನ್ನು ಎದುರು ಕೂರಿಸಿ ಓದಿಸಿ ನೋಡುತ್ತಿದ್ದಾರೆ. ಹಳ್ಳಿಗಳ ಸರಕಾರಿ ಶಾಲೆಯ ಮೂರನೇ ಕ್ಲಾಸಿನ 100 ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದಲು ಬಂದದ್ದು 2018ರಲ್ಲಿ ಸುಮಾರು 21 ಮಕ್ಕಳಿಗೆ. ಕೊರೋನಾದ ನಂತರ, 2022ರಲ್ಲಿ ಅದು 16ಕ್ಕೆ ಇಳಿಯಿತು. 2024ರಲ್ಲಿ 23ಕ್ಕೆ ಏರಿತು. ಏರಿದ್ದು ಸಂತೋಷ. ಆದರೂ ನಾಲ್ಕರಲ್ಲಿ ಮೂರು ಮಕ್ಕಳು ಹಿಂದೆಯೇ ಇದ್ದಾರೆ. ಮೂರನೇ ಕ್ಲಾಸು ಮುಗಿಸುವ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದುವಂತಾಗಬೇಕು ಅಂತ ಕೇಂದ್ರ ಸರಕಾರ 2021ರ ಜುಲೈಯಲ್ಲಿ 'ನಿಪುಣ್ ಭಾರತ್' ಶುರು ಮಾಡಿತು. ಅದಕ್ಕೆ ಇಟ್ಟುಕೊಂಡ ಗಡುವು 2026-27.

ನಮ್ಮ ಜಿಲ್ಲೆಯಲ್ಲಿ ಇದರ ಮೇಲೆ ಇನ್ನೊಂದು ಭಾರ ಇದೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಅವತ್ತಿನಿಂದ ಕೇರಳ. ಕನ್ನಡ ಮಾಧ್ಯಮದ ಶಾಲೆಗಳು ಉಳಿದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಅನುಕೂಲ ಇರಬೇಕು ಅಂತ ಸಂವಿಧಾನದ 350ಎ ವಿಧಿಯೂ ಹೇಳುತ್ತದೆ. 2017ರಲ್ಲಿ ಕೇರಳ ಸರಕಾರ ಹತ್ತನೇ ಕ್ಲಾಸಿನವರೆಗೆ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು ತಂದಾಗ ಇಲ್ಲಿನ ಕನ್ನಡಿಗರು ಬೀದಿಗಿಳಿದರು. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗ ಹೆತ್ತವರು, ಮಕ್ಕಳು ಪ್ರತಿಭಟನೆ ಮಾಡಿದ್ದೂ ಇಲ್ಲಿ ಹೊಸದಲ್ಲ. ಆ ಹೋರಾಟ ಬೇಕು, ನಡೆಯಲೇಬೇಕು. ಆದರೆ ಅದು ಗೆಲ್ಲುವವರೆಗೆ ಆರು ವರ್ಷದ ಮಗು ಕಾಯುವುದಿಲ್ಲ. ಅದು ಈ ವರ್ಷವೇ ಓದಲು ಕಲಿಯಬೇಕು.

ಆ ಮಗುವಿನ ದಿನ ನೋಡಿ. ಬೆಳಿಗ್ಗೆ ಎದ್ದಾಗ ತುಳು, ಇಲ್ಲವೇ ಹವ್ಯಕ, ಕೊಂಕಣಿ, ಬ್ಯಾರಿ, ಮರಾಠಿ. ಬಸ್ಸಿನಲ್ಲಿ ಮಲಯಾಳ. ಕ್ಲಾಸಿನಲ್ಲಿ ಪುಸ್ತಕದ ಕನ್ನಡ. ಜೊತೆಗೆ ಮೂರು ಲಿಪಿ. ಸಪ್ತಭಾಷಾ ಸಂಗಮಭೂಮಿ ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಹೆಮ್ಮೆ ನನಗೂ ಇದೆ. ಅಷ್ಟೂ ಭಾಷೆಗಳನ್ನು ಒಟ್ಟಿಗೆ ಹೊರುವವರು ಈ ಮಕ್ಕಳೇ ಅನ್ನುವುದನ್ನು ಮಾತ್ರ ಮರೆಯಬಾರದು.

ಕಿವಿಯ ಪಾಲು, ಕಣ್ಣಿನ ಪಾಲು

ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಅನ್ನುವ ಇಬ್ಬರು ಸಂಶೋಧಕರು 1986ರಲ್ಲಿ ಒಂದು ಸರಳ ಲೆಕ್ಕ ಮುಂದಿಟ್ಟರು. ಅರ್ಥ ಮಾಡಿಕೊಂಡು ಓದುವುದು ಅಂದರೆ ಎರಡು ಶಕ್ತಿಗಳ ಗುಣಾಕಾರ. ಒಂದು, ಅಕ್ಷರ ನೋಡಿ ಶಬ್ದ ಹೇಳುವುದು. ಇನ್ನೊಂದು, ಆ ಭಾಷೆಯನ್ನು ಕಿವಿಯಿಂದ ಕೇಳಿದರೆ ಅರ್ಥವಾಗುವುದು. ಗಮನಿಸಿ, ಇದು ಕೂಡಿಸುವ ಲೆಕ್ಕ ಅಲ್ಲ, ಗುಣಿಸುವ ಲೆಕ್ಕ. ಒಂದು ಸೊನ್ನೆಯಾದರೆ ಉತ್ತರ ಸೊನ್ನೆ.

ಇದನ್ನು ಮನೆಯಲ್ಲೇ ನೋಡಬಹುದು. ಮಗುವಿನ ಪಾಠಪುಸ್ತಕದ ಒಂದು ಸಣ್ಣ ಕಥೆ ನೀವೇ ಓದಿ ಹೇಳಿ. ಆಮೇಲೆ "ಎಂತ ಆಯ್ತು?" ಅಂತ ಕೇಳಿ. ಉತ್ತರ ಮನೆಮಾತಿನಲ್ಲೇ ಬರಲಿ, ಪರವಾಗಿಲ್ಲ. ಕಥೆ ಸರಿಯಾಗಿ ಹೇಳಿದರೆ ಮಗುವಿಗೆ ಕನ್ನಡ ಅರ್ಥವಾಗುತ್ತದೆ, ಅಕ್ಷರದ ಕಡೆ ಕೆಲಸ ಬೇಕು. ಇನ್ನೊಂದು ದಿನ ಮಗುವಿನಿಂದಲೇ ಓದಿಸಿ. ಟಕಟಕ ಓದಿ ಮುಗಿಸಿ, ಕೇಳಿದರೆ ಏನೂ ಹೇಳಲಾಗದೆ ಸುಮ್ನೆ ಕೂತರೆ, ಅಕ್ಷರ ಬಂದಿದೆ, ಭಾಷೆ ಬಂದಿಲ್ಲ. ನಮ್ಮ ಕಡೆ ಈ ಎರಡನೇ ರೀತಿಯ ಮಕ್ಕಳನ್ನು ನಾನು ಜಾಸ್ತಿ ನೋಡಿದ್ದೇನೆ. ಅವರು ಓದುವುದನ್ನು ಕೇಳಿ ಮನೆಯವರಿಗೆ ಖುಷಿ. ನಾಲ್ಕನೇ ಕ್ಲಾಸಿಗೆ ಬಂದು ಪರಿಸರ ಪಾಠ ಓದುವಾಗ ಕಷ್ಟ ಹೊರಗೆ ಬರುತ್ತದೆ.

ಹಾಗಾದರೆ ಮನೆಯಲ್ಲಿ ತುಳು ಬಿಟ್ಟು ಕನ್ನಡ ಮಾತಾಡಬೇಕಾ? ಈ ಸಲಹೆಯನ್ನು ನನಗೂ ಕೊಟ್ಟಿದ್ದರು. ಒಂದು ವಾರ ಪ್ರಯತ್ನಿಸಿದೆವು. ಊಟದ ಹೊತ್ತಿಗೆ ಮನೆಯೇ ಮೌನ. ಅಜ್ಜಿ ಮೊಮ್ಮಗಳ ಹತ್ತಿರ ಮಾತಾಡುವುದನ್ನೇ ಕಡಿಮೆ ಮಾಡಿದರು. ಬಿಟ್ಟುಬಿಟ್ಟೆವು, ಬಿಟ್ಟದ್ದು ಒಳ್ಳೆಯದೇ ಆಯಿತು. ಮಗು ಯೋಚಿಸುವುದು, ಕಾರಣ ಕೇಳುವುದು, ಕಥೆ ಹೆಣೆಯುವುದು ಎಲ್ಲ ಮೊದಲು ಮನೆಮಾತಿನಲ್ಲಿ. ಅದನ್ನೇ ಬಡಕಲು ಮಾಡಿದರೆ ಕನ್ನಡ ಯಾವುದರ ಮೇಲೆ ನಿಲ್ಲಬೇಕು?

ಮನೆಮಾತು ಇಟ್ಟುಕೊಂಡೇ ಪುಸ್ತಕದ ಕನ್ನಡಕ್ಕೆ ಹೋಗುವ ದಾರಿ ಇದೆ. ಅದೂ ನಮ್ಮ ಭಾಷೆಗಳ ಒಳಗೇ ಇದೆ. 'ಹ' ಅಕ್ಷರವನ್ನೇ ನೋಡಿ. ಕನ್ನಡದ ಹುಲಿ ತುಳುವಿನಲ್ಲಿ ಪಿಲಿ, ಮಲಯಾಳದಲ್ಲಿ ಪುಲಿ. ಹೂ ತುಳುವಿನಲ್ಲಿ ಪೂ, ಮಲಯಾಳದಲ್ಲಿ ಪೂವ್. ಹತ್ತು ಎರಡರಲ್ಲೂ ಪತ್ತ್. ಹಾಲು ಮಲಯಾಳದಲ್ಲಿ ಪಾಲ್, ತುಳುವಿನಲ್ಲಿ ಪೇರ್. ಹೆಸರು ತುಳುವಿನಲ್ಲಿ ಪುದರ್, ಮಲಯಾಳದಲ್ಲಿ ಪೇರ್. ಅಂದರೆ 'ಪೇರ್' ಅಂದಾಗ ನಮ್ಮ ಮಗುವಿಗೆ ಹಾಲು, ಅದರ ಮಲಯಾಳಿ ಗೆಳತಿಗೆ ಹೆಸರು. ಇದನ್ನು ಹೇಳಿದಾಗ ಮಗಳು ಬಿದ್ದು ಬಿದ್ದು ನಕ್ಕಳು, ಮರುದಿನ ಶಾಲೆಯಲ್ಲಿ ಎಲ್ಲರಿಗೂ ಹೇಳಿ ಬಂದಳು. ಹಳಗನ್ನಡದಲ್ಲೂ ಪುಲಿ, ಪಾಲ್, ಪೂ ಅಂತಲೇ ಇತ್ತು. ಕನ್ನಡ ಕಾಲಕ್ರಮದಲ್ಲಿ 'ಪ'ವನ್ನು 'ಹ' ಮಾಡಿಕೊಂಡಿತು, ತುಳು ಮತ್ತು ಮಲಯಾಳ ಹಾಗೇ ಉಳಿಸಿಕೊಂಡವು. ಆರು ವರ್ಷದ ಮಗುವಿಗೆ ಈ ಇತಿಹಾಸ ಬೇಡ. "ನಾವು ಪ ಅಂದ ಕಡೆ ಪುಸ್ತಕ ಎಷ್ಟೋ ಸಲ ಹ ಅನ್ನುತ್ತದೆ" ಅಂತ ಹೇಳಿದರೆ ಸಾಕು. ಅದಕ್ಕೆ ಪತ್ತೇದಾರಿ ಆಟ ಸಿಕ್ಕಿದ ಹಾಗೆ. ಗೊತ್ತಿಲ್ಲದ ಶಬ್ದ ಬಂದಾಗ ತಾನೇ ಪ್ರಯತ್ನ ಮಾಡುತ್ತದೆ.

ಇನ್ನೊಂದು ವಿಷಯ. ತುಳುವನ್ನು ನಾವು ಇವತ್ತು ಬರೆಯುವುದು ಹೆಚ್ಚಾಗಿ ಕನ್ನಡ ಲಿಪಿಯಲ್ಲೇ. ಹಾಗಿದ್ದ ಮೇಲೆ ಮಗು ಮೊದಲು ಓದುವ ಶಬ್ದಗಳು ಮನೆಯ ಶಬ್ದಗಳೇ ಯಾಕೆ ಆಗಬಾರದು? ನಾನು ಒಂದು ಹಳೇ ಮದುವೆ ಕಾಗದದ ಹಿಂಬದಿಯಲ್ಲಿ 'ಪುಚ್ಚೆ' ಅಂತ ದೊಡ್ಡದಾಗಿ ಬರೆದೆ. ಕೆಳಗೆ 'ಬೆಕ್ಕು'. ಮಗಳು ಮೊದಲನೆಯದನ್ನು ಬೆರಳಿಟ್ಟು ಕೂಡಿಸಿ ಓದಿದಳು. ಬಾಯಿಂದ ಶಬ್ದ ಹೊರಬಂದ ಕೂಡಲೇ ಕಣ್ಣು ಅರಳಿತು, ಯಾಕೆಂದರೆ ಅದು ಅವಳಿಗೆ ಗೊತ್ತಿರುವ ಪ್ರಾಣಿ. ಆಮೇಲೆ ಎರಡನೆಯದು. ಬೆ, ಕ್ಕು. ಈ ಸಲ ಚಿತ್ರ ಇರಲಿಲ್ಲ. ಊಹೆ ಮಾಡಲು ಏನೂ ಸಿಗಲಿಲ್ಲ, ಅಕ್ಷರವನ್ನೇ ನೋಡಬೇಕಾಯಿತು. ಚಿತ್ರ ನೋಡಿ ಊಹಿಸುವುದು ತಪ್ಪಲ್ಲ, ಅರ್ಥದ ಕಡೆ ಮನಸ್ಸಿದೆ ಅನ್ನುವುದಕ್ಕೆ ಗುರುತು. ಆದರೆ ಅದೇ ಅಭ್ಯಾಸವಾದರೆ ಅಕ್ಷರ ಕಲಿಯುವುದಿಲ್ಲ. ಅದಕ್ಕೇ ಚಿತ್ರ ಇರುವ ಪುಸ್ತಕವೂ ಬೇಕು, ಚಿತ್ರ ಇಲ್ಲದ ಚೀಟಿಯೂ ಬೇಕು.

ಐನೂರ ಹತ್ತು ಅಕ್ಷರ

ಇಂಗ್ಲಿಷ್‌ಗೆ ಹೋಲಿಸಿದರೆ ಕನ್ನಡ ಓದುವುದು ಸುಲಭ, ಬರೆದ ಹಾಗೆ ಓದಿದರಾಯಿತು ಅಂತ ನಾವು ಅನ್ನುತ್ತೇವೆ. ಅರ್ಧ ನಿಜ. ಒಂದು ಅಕ್ಷರಕ್ಕೆ ಒಂದೇ ಉಚ್ಚಾರ ಅನ್ನುವುದು ದೊಡ್ಡ ಅನುಕೂಲ. ಆದರೆ ಕಲಿಯಬೇಕಾದ ರೂಪಗಳ ಸಂಖ್ಯೆ ನೋಡಿ. ವರ್ಣಮಾಲೆಯಲ್ಲಿ 49 ಅಕ್ಷರ. 34 ವ್ಯಂಜನಗಳಿಗೆ 15ರಂತೆ ಕಾಗುಣಿತ ಬರೆದರೆ 510 ರೂಪ. ಅದರ ಮೇಲೆ ಒತ್ತಕ್ಷರಗಳು. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರ 2007ರ ಸಂಶೋಧನೆ ತೋರಿಸಿದ್ದು ಇದನ್ನೇ: ನಮ್ಮ ಅಕ್ಷರ ಕಲಿಕೆ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ನಾಲ್ಕನೇ ಕ್ಲಾಸಿನವರೆಗೂ ಮುಂದುವರಿಯುತ್ತದೆ. ಆದ್ದರಿಂದ ಎರಡನೇ ಕ್ಲಾಸಿನ ಮಗು 'ಘೃ' ಓದಲಿಲ್ಲ ಅಂತ ಬೇಸರಪಡುವುದಕ್ಕೆ ಏನೂ ಇಲ್ಲ. ಅದು ನಿಧಾನ ಅಲ್ಲ, ಈ ಲಿಪಿಯ ನಡಿಗೆಯೇ ಹಾಗೆ.

ಕಾಗುಣಿತವನ್ನು ಬಾಯಿಪಾಠ ಮಾಡಿದ ಮಗುವಿನ ಮುಂದೆ 'ಕೀ' ಅಂತ ಒಂದೇ ಅಕ್ಷರ ಬರೆದು ತೋರಿಸಿ. ತುಟಿ ಅಲುಗುವುದನ್ನು ನೋಡಿ. ಕ, ಕಾ, ಕಿ, ಕೀ ಅಂತ ಒಳಗೇ ಗುನುಗಿ, ನಾಲ್ಕನೆಯದಕ್ಕೆ ಬಂದು ನಿಂತು ಉತ್ತರ ಹೇಳುತ್ತದೆ. ಅದಕ್ಕೆ ರಾಗ ಬರುತ್ತದೆ, ಅಕ್ಷರ ಬರುವುದಿಲ್ಲ. ರಾಗ ಬೇಡ ಅಂತ ನಾನು ಹೇಳುವುದಿಲ್ಲ, ನಾವೂ ಹಾಗೇ ಕಲಿತವರು. ಆದರೆ ರಾಗದ ಜೊತೆಗೆ ಸಾಲು ತಪ್ಪಿಸಿ ಕೇಳಬೇಕು. ಕೀ, ಮೀ, ನೀ, ಸೀ ಅಂತ ಅಡ್ಡಕ್ಕೆ ಓದಿಸಿದರೆ ದೀರ್ಘದ ಗುರುತು ತಲೆಯಲ್ಲಿ ಕೂರುತ್ತದೆ. 'ಕೋಲು' ಬರೆದು ದೀರ್ಘ ಅಳಿಸಿ 'ಕೊಲು' ಮಾಡಿ, ಇದಕ್ಕೆ ಅರ್ಥ ಇದೆಯಾ ಅಂತ ಕೇಳಬಹುದು.

ಅ ಆ ಇ ಈ ಎಲ್ಲ ಮುಗಿಸಿಯೇ ಶಬ್ದಕ್ಕೆ ಬರಬೇಕು ಅಂತಲೂ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಕರ್ನಾಟಕದ 'ನಲಿಕಲಿ' ಪದ್ಧತಿಯಲ್ಲಿ ಮೊದಲ ಗುಂಪೇ ರ, ಗ, ಸ, ದ, ಅ. ಐದೇ ಅಕ್ಷರ. ಆದರೆ ಅದರಲ್ಲಿ ಸರ, ದರ, ಅರಸ, ಅಗಸ, ದಸರ, ಗರಗಸ ಎಲ್ಲ ಹುಟ್ಟುತ್ತವೆ. ಮೊದಲ ವಾರವೇ ಮಗು ಶಬ್ದ ಓದುತ್ತದೆ. ಆ ಖುಷಿಗೆ ಬೆಲೆ ಕಟ್ಟಲು ಆಗದು. ಙ, ಞ, ಋ, ಝ ಎಲ್ಲ ಆಮೇಲೆ ಬರಲಿ.

ಒತ್ತಕ್ಷರದ್ದು ಇನ್ನೊಂದು ಕಥೆ. ಪಾಠದಲ್ಲಿ ಅದು ತಡವಾಗಿ ಬರುತ್ತದೆ, ಆದರೆ ಮಗುವಿಗೆ ಮೊದಲ ದಿನವೇ ಬೇಕಾದ ಶಬ್ದಗಳು ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ. ಎಲ್ಲದರಲ್ಲೂ ಒತ್ತು. ಇವುಗಳಿಂದಲೇ ಶುರು ಮಾಡಬಹುದು, ಮೇಲಿನ ಅಕ್ಷರದ್ದೇ ಒತ್ತು ಕೆಳಗೆ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಮೂಲ ಅಕ್ಷರದಂತೆ ಕಾಣುವುದಿಲ್ಲ. ಇವನ್ನು ಬೇರೆಯಾಗಿ, ನಿಧಾನವಾಗಿ ತೋರಿಸಬೇಕು. 'ಸೂರ್ಯ'ದಲ್ಲಿ ಬರುವ ಅರ್ಕಾವತ್ತು ಇನ್ನೂ ಕಷ್ಟ. ಬಾಯಲ್ಲಿ ಮೊದಲು ಬರುವ 'ರ್' ಬರಹದಲ್ಲಿ ಆಮೇಲೆ ಬರುತ್ತದೆ. ದೊಡ್ಡವರೂ ತಪ್ಪುತ್ತಾರೆ, ಮಗುವನ್ನು ಅವಸರಪಡಿಸುವುದು ಬೇಡ. ಹಾಗೆಯೇ ದ-ಧ, ಬ-ಭ. ತುಳು, ಬ್ಯಾರಿಯಂಥ ಮನೆಮಾತುಗಳಲ್ಲಿ ಮಹಾಪ್ರಾಣವನ್ನು ಹೆಚ್ಚಿನವರು ಒತ್ತಿ ಹೇಳುವುದಿಲ್ಲ. ಕಿವಿಗೆ ಕೇಳದ ವ್ಯತ್ಯಾಸ ಕಣ್ಣಿಗೆ ತಡವಾಗಿ ಕಾಣುತ್ತದೆ.

ಮಲಯಾಳ ಲಿಪಿ ಜೊತೆಗೇ ಬರುವುದರಿಂದ ಕೆಲವು ಗೊಂದಲ ಆಗುತ್ತವೆ. ಅಲ್ಲಿ 'ಕೆ' ಬರೆಯುವಾಗ ಎಕಾರದ ಗುರುತು ಅಕ್ಷರದ ಎಡಗಡೆ, ಮೊದಲು ಬರುತ್ತದೆ. ನಮ್ಮಲ್ಲಿ ಅಕ್ಷರದ ತಲೆಯ ಮೇಲೆ. ತಲೆಕಟ್ಟು ತೆಗೆದ ನಮ್ಮ 'ಗ'ದಂತೆ ಕಾಣುವ ಅಕ್ಷರ ಅಲ್ಲಿ ಒಂದು ರಕಾರ. ಮಗು ಕನ್ನಡ ಪುಸ್ತಕದಲ್ಲಿ ಹಾಗೆ ತಪ್ಪಿದರೆ ದಡ್ಡತನ ಅಲ್ಲ, ಎರಡು ಲಿಪಿ ಒಟ್ಟಿಗೆ ನಡೆಸುತ್ತಿದೆ ಅಷ್ಟೇ. ಮನೆಯಲ್ಲಿ ಎರಡನ್ನೂ ಒಂದೇ ಹೊತ್ತಿಗೆ ಕೂರಿಸಿ ಓದಿಸದಿದ್ದರೆ ಸಾಕು. ಮಲಯಾಳದ ಮೇಲೆ ಮಗುವಿಗೆ ಕೋಪ ಹುಟ್ಟಿಸುವುದು ಬೇಡವೇ ಬೇಡ. ನಮ್ಮ ಹೋರಾಟ ಕನ್ನಡದ ಹಕ್ಕಿಗಾಗಿ, ಗೆಳತಿಯ ಭಾಷೆಯ ವಿರುದ್ಧ ಅಲ್ಲ.

ಓದಲು ಬಾರದ ಅಮ್ಮ ಏನು ಮಾಡಬಹುದು

"ನನಗೇ ಸರಿಯಾಗಿ ಓದಲು ಬರುವುದಿಲ್ಲ, ನಾನೆಂತ ಕಲಿಸುವುದು?" ನಮ್ಮ ನೆರೆಮನೆಯ ತಾಯಿಯೊಬ್ಬರು ಕೇಳಿದ ಪ್ರಶ್ನೆ. ಬೀಡಿ ಕಟ್ಟುವವರು. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು, ನೂಲು. ಸಂಜೆ ಲೆಕ್ಕ ಮುಗಿಯುವವರೆಗೆ ಕೈ ಬಿಡುವಿಲ್ಲ. ಆದರೆ ಬಾಯಿ ಬಿಡುವಿದೆ, ಕಿವಿ ಬಿಡುವಿದೆ. ಅವರ ಮಗ ಪಕ್ಕದಲ್ಲಿ ಕೂತು ಓದುತ್ತಾನೆ. ಅವನು ಪುಟ ಮುಗಿಸಿದ ಮೇಲೆ ಅವರು ಎಲೆ ಸುರುಟುತ್ತಲೇ ತುಳುವಿನಲ್ಲಿ ಕೇಳುತ್ತಾರೆ, "ಬೊಕ್ಕ?" ಮತ್ತೆ ಏನಾಯಿತು ಅಂತ. ಅವನು ಕನ್ನಡದಲ್ಲಿ ಓದಿದ್ದನ್ನು ತುಳುವಿನಲ್ಲಿ ಹೇಳಬೇಕು. ಹೇಳಬೇಕಾದರೆ ಅರ್ಥವಾಗಿರಬೇಕು. ಆ ಒಂದು "ಬೊಕ್ಕ" ಎಷ್ಟು ಕೆಲಸ ಮಾಡುತ್ತದೆ ಅಂತ ನಾನು ಎರಡು ವರ್ಷದಿಂದ ನೋಡುತ್ತಿದ್ದೇನೆ. ಟ್ಯೂಷನ್‌ಗೆ ಹೋಗುವ ಮಕ್ಕಳಿಗಿಂತ ಆ ಹುಡುಗ ಚೆನ್ನಾಗಿ ಓದುತ್ತಾನೆ.

ಇದರ ಹಿಂದೆ ಸಂಶೋಧನೆಯೂ ಇದೆ. ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು 1988ರಲ್ಲಿ ಎರಡು, ಎರಡೂವರೆ ವರ್ಷದ ಮಕ್ಕಳ ಹೆತ್ತವರಿಗೆ ಹೇಳಿಕೊಟ್ಟದ್ದು ಇಷ್ಟೇ: ಚಿತ್ರಪುಸ್ತಕ ತೋರಿಸುವಾಗ ನೀವೇ ಓದಿ ಮುಗಿಸಬೇಡಿ, ಮಗುವನ್ನು ಕೇಳಿ, ಅದರ ಮಾತಿಗೆ ಒಂದು ಮಾತು ಸೇರಿಸಿ. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು ಬೇರೆ ಮಕ್ಕಳಿಗಿಂತ ಮುಂದೆ ಹೋಯಿತು.

ಓದಲು ಬಾರದವರಿಗೂ ಆಡಿಸಲು ಬರುವ ಆಟಗಳು ಬೇಕಾದಷ್ಟಿವೆ. ಅಡಿಕೆ ಸುಲಿಯುವಾಗ 'ಅ-ಡಿ-ಕೆ' ಅಂತ ಮೂರು ಚಪ್ಪಾಳೆ. ಅದರಿಂದ 'ಅ' ತೆಗೆದರೆ ಏನು ಉಳಿಯಿತು? ಮಕ್ಕಳ ಕಿವಿ ಮಾತನ್ನು ಅಕ್ಷರ ಅಕ್ಷರವಾಗಿ ಒಡೆಯಲು ಬೇಗ ಕಲಿಯುತ್ತದೆ, ನಮ್ಮ ಲಿಪಿ ಬರೆಯುವುದೂ ಹಾಗೆಯೇ. ಈ ಹೊಂದಿಕೆ ಇಂಗ್ಲಿಷ್ ಕಲಿಯುವ ಮಗುವಿಗೆ ಸಿಗುವುದಿಲ್ಲ.

ಪುಸ್ತಕದ ಕನ್ನಡವನ್ನು ಕಿವಿಗೆ ಹಾಕಲು ನಮ್ಮಲ್ಲಿ ಯಕ್ಷಗಾನ ಇದೆ. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆ ಇದು. ಮನೆಯಲ್ಲಿ ಒಂದು ವಾಕ್ಯ ಕನ್ನಡ ಆಡದ ಮಕ್ಕಳು ಆಟ ನೋಡಿ ಬಂದ ಮರುದಿನ ಅಂಗಳದಲ್ಲಿ ಕೋಲು ಹಿಡಿದು "ಎಲವೋ ದುರುಳಾ, ನಿಲ್ಲು!" ಅಂತ ಕೂಗುವುದನ್ನು ನೀವೂ ಕೇಳಿರುತ್ತೀರಿ. ಅದು ತುಂಬ ಗಟ್ಟಿ ಕನ್ನಡ. ಅದೇ ಆಟದ ಕರಪತ್ರವನ್ನು ಕೈಗೆ ಕೊಟ್ಟು "ಇದರಲ್ಲಿ ಯಾವ ಪ್ರಸಂಗ ಅಂತ ಬರೆದಿದೆ ನೋಡು" ಅಂದರೆ ಓದಲು ಕಾರಣ ಸಿಕ್ಕಿತಲ್ವಾ? ಮದುವೆ ಕಾಗದದಲ್ಲಿ ನೆಂಟರ ಹೆಸರು ಹುಡುಕುವುದೂ ಹಾಗೆಯೇ. ಪರಿಚಯದ ಹೆಸರನ್ನು ಅಕ್ಷರದಲ್ಲಿ ಕಂಡಾಗ ಮಕ್ಕಳಿಗೆ ಆಗುವ ಖುಷಿಯೇ ಬೇರೆ.

ಪುಸ್ತಕಗಳದ್ದು ಸ್ವಲ್ಪ ಕಷ್ಟದ ಮಾತು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ 'ಸ್ಟೋರಿವೀವರ್' ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ, ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತದಲ್ಲಿ. ಮೊಬೈಲಿನಲ್ಲಿ ತೋರಿಸುವುದಕ್ಕಿಂತ ಪ್ರಿಂಟ್ ತೆಗೆದು ಹೊಲಿದು ಕೊಟ್ಟರೆ ಮಗು ಅದನ್ನು ತನ್ನದು ಅಂತ ಇಟ್ಟುಕೊಳ್ಳುತ್ತದೆ. ಒಂದೇ ಪುಸ್ತಕವನ್ನು ಇಪ್ಪತ್ತು ಸಲ ಓದಲು ಕೇಳಿದರೆ ಓದಿ. ಮಗು ಪ್ರತಿ ಸಲ ಹೊಸದೇನೋ ಹಿಡಿಯುತ್ತಿರುತ್ತದೆ. ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನಾ ಬೇಕು.

ಕೇರಳದಲ್ಲಿ ಹಳ್ಳಿಹಳ್ಳಿಗೆ ವಾಚನಾಲಯ ಇರುವುದು ನಮ್ಮ ಭಾಗ್ಯ. 1945ರಲ್ಲಿ ತಿರುವಾಂಕೂರಿನಲ್ಲಿ ಗ್ರಂಥಾಲಯ ಸಂಘ ಕಟ್ಟಿದ ಪಿ.ಎನ್. ಪಣಿಕ್ಕರ್ ಅವರ ನೆನಪಿಗೆ ಜೂನ್ 19ರಂದು ಎಲ್ಲ ಶಾಲೆಗಳಲ್ಲೂ ವಾಚನ ದಿನ ಆಚರಿಸುತ್ತಾರೆ. ನಮ್ಮೂರಿನ ವಾಚನಾಲಯಕ್ಕೆ ಮಗಳನ್ನು ಕರೆದುಕೊಂಡು ಹೋದಾಗ ಆರೇಳು ವರ್ಷದವರು ಓದುವಂಥ ಕನ್ನಡ ಪುಸ್ತಕ ಸಿಕ್ಕಿದ್ದು ನಾಲ್ಕೇ. ಮಲಯಾಳದ್ದು ಒಂದು ಕಪಾಟು ತುಂಬ ಇತ್ತು. ಅಲ್ಲಿದ್ದವರು ಹೇಳಿದ್ದು, "ಕನ್ನಡದ್ದು ಯಾರೂ ಕೇಳುವುದಿಲ್ಲ." ಕೇಳದೆ ತರಿಸುವುದಿಲ್ಲ, ತರಿಸದೆ ಯಾರು ಕೇಳುತ್ತಾರೆ? ನಾವು ಐದು ಮನೆಯವರು ಸೇರಿ ಬೇಕಾದ ಪುಸ್ತಕಗಳ ಪಟ್ಟಿ ಬರೆದು ಕೊಟ್ಟಿದ್ದೇವೆ.

ಕೊನೆಗೆ ಒಂದು ಎಚ್ಚರಿಕೆ. ಎಲ್ಲವನ್ನೂ ಭಾಷೆಯ ಮೇಲೆ ಹಾಕುವುದೂ ತಪ್ಪು. ಮನೆಮಾತಿನಲ್ಲಿ ಕಥೆ ಚೆನ್ನಾಗಿ ಹೇಳುವ ಮಗುವಿಗೆ, ಮನೆಯ ಶಬ್ದಗಳನ್ನೇ ಬರೆದು ಕೊಟ್ಟರೂ, ತಿಂಗಳುಗಟ್ಟಲೆ ದಿನಾ ಕೂತರೂ, ಎರಡನೇ ಕ್ಲಾಸು ಮುಗಿಯುವಾಗಲೂ ಸಾಮಾನ್ಯ ಅಕ್ಷರಗಳು ನಿಲ್ಲುತ್ತಿಲ್ಲ ಅಂತಾದರೆ ಕಾಯಬೇಡಿ. ಮೊದಲು ಕಣ್ಣು, ಕಿವಿ ತೋರಿಸಿ. ಕಪ್ಪುಹಲಗೆ ಕಾಣದ ಮಕ್ಕಳು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಹಾಗೇ ಕಾಣುತ್ತದೆ ಅಂತ ಅಂದುಕೊಂಡಿರುತ್ತಾರೆ. ಅದು ಸರಿ ಇದ್ದರೆ ಡಿಸ್ಲೆಕ್ಸಿಯಾ, ಅಂದರೆ ಓದು-ಬರಹ ಕಲಿಯುವುದೇ ಕಷ್ಟವಾಗುವ ತೊಂದರೆ, ಇರಬಹುದು. ಬುದ್ಧಿಗೂ ಅದಕ್ಕೂ ಸಂಬಂಧ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಂಥ ಕಲಿಕೆಯ ತೊಂದರೆಗಳನ್ನು ಸೇರಿಸಿದ್ದಾರೆ, ಆ ಮಕ್ಕಳಿಗೆ ಬೇಕಾದ ಸಹಾಯ ಕೇಳುವ ಹಕ್ಕು ನಮಗಿದೆ. ತಜ್ಞರ ಹತ್ತಿರ ಹೋದಾಗ ಮಗುವಿನ ಮನೆಮಾತು ಯಾವುದು ಅಂತ ಮೊದಲೇ ಹೇಳಿ. 'ಬೆಕ್ಕು' ಚಿತ್ರ ತೋರಿಸಿ ಕೇಳಿದಾಗ ಮಗು 'ಪುಚ್ಚೆ' ಅಂದರೆ ಅದನ್ನು ತಪ್ಪು ಅಂತ ಬರೆದುಕೊಳ್ಳದಿರಲಿ.